ಅಂತರ್ಜಾಲ ಪಾಠಗಳ ಸುಗಮ್ಯತೆ ಮತ್ತು ಅಧ್ಯಾಪಕರ ತರಬೇತು: ಜರ್ಸಿ ಸಿಟಿ

ಕಾಲೇಜಿನ ಅಧ್ಯಾಪಕರು ಅಂತರ್ಜಾಲದ ಮೂಲಕ ಒದಗಿಸುವ ಪಾಠ, ಟಿಪ್ಪಣಿ, ಚಿತ್ರ, ಧ್ವನಿಮುದ್ರಿಕೆ, ವಿಡಿಯೋ, ಪ್ರಶ್ನಪತ್ರಿಕೆ ಮೊದಲಾದ ಸಾಮಗ್ರಿಯೆಲ್ಲವನ್ನೂ ಕಣ್ಣು ಕಾಣದವರು, ಕಿವಿ ಕೇಳದವರು, ಕೈಗಳ ಚಲನೆ ಕುಂಠಿತವಾದವರು, ಓದುವಿಕೆಯಲ್ಲಿ ತೊಡಕುಳ್ಳವರು ಇತರ ವಿದ್ಯಾರ್ಥಿಗಳಂತೆಯೇ, ಪರರ ನೆರವನ್ನು ಬೇಡದೆ ಉಪಯೋಗಿಸಿಕೊಳ್ಳಲು ಅನುವಾಗುವಂತೆ ರಚಿಸುವುದಕ್ಕೆ ಸುಗಮ್ಯತೆಯೆಂದು ಹೆಸರು. ಈ ಅಭ್ಯಾಸವನ್ನು ಅಧ್ಯಾಪಕವರ್ಗದಲ್ಲಿ ನೆಲೆಗೊಳಿಸುವುದಕ್ಕಾಗಿ ವಿದ್ಯಾಸಂಸ್ಥೆಗಳು ಕೈಕೊಳ್ಳುವ ಬೋಧನೆ, ಉತ್ತೇಜನ ಮತ್ತು ನಿಯಮಗಳನ್ನು, ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಜರ್ಸಿ ರಾಜ್ಯಕ್ಕೆ ಸೇರಿದ ಜರ್ಸಿ ಸಿಟಿ ನಗರವನ್ನು ಮುಖ್ಯವಾಗಿ ಲಕ್ಷಿಸಿ ಇಲ್ಲಿ ನಿರೂಪಿಸಲಾಗಿದೆ. ಕಟ್ಟಡಗಳ ಮೆಟ್ಟಿಲು, ಬಾಗಿಲು, ಲಿಫ್ಟುಗಳ ವ್ಯವಸ್ಥೆಯನ್ನು ಇಂಜಿನಿಯರು ನೋಡಿಕೊಳ್ಳಬಲ್ಲನು. ಆದರೆ ಪಾಠವನ್ನು ಬರೆಯತಕ್ಕವನು ಅಧ್ಯಾಪಕನೇ ಆದುದರಿಂದ, ಪಾಠದ ಸುಗಮ್ಯತೆಯು ಅವನ ಕೈಯಲ್ಲಿ ಹುಟ್ಟಬೇಕಲ್ಲದೆ ಬೇರೆಲ್ಲಿಯೂ ಹುಟ್ಟಲಾರದೆಂಬುದು ಈ ಕ್ಷೇತ್ರದ ಮೂಲತತ್ತ್ವವಾಗಿದೆ.

ನಗರ ಮತ್ತು ವಿದ್ಯಾಸಂಸ್ಥೆಗಳು: ಹಡ್ಸನ್ ನದಿಯ ಪಶ್ಚಿಮ ತೀರದಲ್ಲಿ, ನ್ಯೂಯಾರ್ಕಿನ ಮ್ಯಾನ್‌ಹಟನ್ನಿಗೆ ಎದುರಾಗಿ ನಿಂತಿರುವ ಜರ್ಸಿ ಸಿಟಿಯು 2020ರ ಜನಗಣತಿಯ ಪ್ರಕಾರ 2,92,449 ಜನರನ್ನು ಒಳಗೊಂಡು, ನ್ಯೂವರ್ಕ್ ನಗರವೊಂದನ್ನು ಬಿಟ್ಟರೆ ರಾಜ್ಯದಲ್ಲಿಯೇ ದೊಡ್ಡದಾಗಿದೆ. ನಗರದ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ಮೂರು ಮುಖ್ಯವಾದುವು. ಜೆಸ್ಯೂಟ್ ಪಾದ್ರಿಗಳು 1872ರಲ್ಲಿ ಸ್ಥಾಪಿಸಿದ ಸೇಂಟ್ ಪೀಟರ್ಸ್ ಖಾಸಗಿ ಸಂಸ್ಥೆ. 1929ರಲ್ಲಿ ಉಪಾಧ್ಯಾಯರ ನಾರ್ಮಲ್ ಶಾಲೆಯಾಗಿ ಬಾಗಿಲು ತೆರೆದು, 1958ರಲ್ಲಿ ಜರ್ಸಿ ಸಿಟಿ ಸ್ಟೇಟ್ ಕಾಲೇಜೆಂದೂ 1998ರಲ್ಲಿ ನ್ಯೂಜರ್ಸಿ ಸಿಟಿ ಯೂನಿವರ್ಸಿಟಿಯೆಂದೂ ಹೆಸರನ್ನು ಪಡೆದದ್ದು ರಾಜ್ಯದ ಸಂಸ್ಥೆ. 1974ರಲ್ಲಿ ಆರಂಭವಾಗಿ ಜರ್ನಲ್ ಸ್ಕ್ವೇರ್ ಪ್ರದೇಶದಲ್ಲಿ ನೆಲೆಸಿರುವ ಹಡ್ಸನ್ ಕೌಂಟಿ ಕಮ್ಯೂನಿಟಿ ಕಾಲೇಜು ಕೌಂಟಿಗೆ ಸೇರಿದ್ದು. ಜರ್ನಲ್ ಸ್ಕ್ವೇರಿಗೆ ಸಮೀಪದ ನ್ಯೂವರ್ಕ್ ಅವೆನ್ಯೂದಲ್ಲಿ ಇಂಡಿಯಾ ಸ್ಕ್ವೇರೆಂದು ಪ್ರಸಿದ್ಧವಾದ ಭಾರತೀಯರ ಪೇಟೆಯಿದ್ದು, ಸ್ಪ್ಯಾನಿಷ್, ಅರಬ್ಬಿ, ಗುಜರಾತಿ, ಟ್ಯಾಗಲಾಗ್ ಮೊದಲಾದ ಭಾಷೆಗಳನ್ನಾಡುವ ಕುಟುಂಬಗಳ ಮಕ್ಕಳು ಈ ಕಾಲೇಜುಗಳಲ್ಲಿ ಒಟ್ಟಿಗೆ ಓದುತ್ತಾರೆ. ಹಗಲು ದುಡಿದು, ಪಾತ್ ಎಂಬ ಸ್ಥಳೀಯ ರೈಲಿನಲ್ಲಿ ಮನೆಗೆ ಮರಳುತ್ತ ದೂರವಾಣಿಯ ಪರದೆಯಲ್ಲಿಯೇ ಪಾಠವನ್ನು ನೋಡಿಕೊಳ್ಳುವವರು ಇಂಥ ನಗರದಲ್ಲಿ ವಿರಳರಲ್ಲ. ಸುಗಮ್ಯತೆಯ ಪ್ರಯೋಜನವು ಅಂಗವಿಕಲರಿಗೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಈ ಸಂಗತಿಯು ಸಾಕ್ಷಿಯಾಗಿದೆ.

ಪೂರ್ವೇತಿಹಾಸ: ಅಂತರ್ಜಾಲವು ಹುಟ್ಟುವುದಕ್ಕೆ ಬಹಳ ಹಿಂದೆಯೇ ಈ ಪ್ರದೇಶವು ಅಂಗವಿಕಲರ ಶಿಕ್ಷಣದಲ್ಲಿ ಆಸಕ್ತಿಯನ್ನು ತೋರಿಸಿತ್ತು. ದೃಷ್ಟಿಹೀನರಿಗಾಗಿ ನ್ಯೂಜರ್ಸಿ ರಾಜ್ಯವು ಪ್ರತ್ಯೇಕ ಆಯೋಗವನ್ನು 1910ರಲ್ಲಿ ಸ್ಥಾಪಿಸಿತು. ಜರ್ಸಿ ಸಿಟಿಯಲ್ಲಿ ಹುಟ್ಟಿ ಮೂರು ಬಾರಿ ರಾಜ್ಯದ ಗವರ್ನರ್ ಪದವಿಯನ್ನಲಂಕರಿಸಿದ ಎ. ಹ್ಯಾರಿ ಮೂರ್ ಅವರ ಹೆಸರಿನಲ್ಲಿ ಅಂಗವಿಕಲ ಬಾಲಕ ಬಾಲಿಕೆಯರಿಗಾಗಿ 1931ರಲ್ಲಿ ತೆರೆದ ಶಾಲೆಯು ಕಾಲಕ್ರಮದಲ್ಲಿ ಉಪಾಧ್ಯಾಯರ ಕಾಲೇಜಿನ ಪ್ರಯೋಗಶಾಲೆಯಾಗಿ ಪರಿಣಮಿಸಿತು. ಬೋಧನಕ್ರಮವನ್ನು ಗ್ರಂಥದಿಂದ ಕಲಿಯುವುದಕ್ಕಿಂತ, ಮಗುವಿನ ಎದುರಿಗೆ ಕುಳಿತು, ಯಾವ ಪಾಠ ಅದಕ್ಕೆ ನಿಲುಕುತ್ತದೆ, ಯಾವುದು ನಿಲುಕುವುದಿಲ್ಲ ಎಂಬುದನ್ನು ಪ್ರತ್ಯಕ್ಷವಾಗಿ ಕಂಡು ಕಲಿಯುವುದು ಶ್ರೇಯಸ್ಕರವೆಂಬ ನಂಬಿಕೆ ಇಂಥ ಶಾಲೆಯ ತಳಹದಿ; ಇಂದಿನ ತರಬೇತಿನಲ್ಲಿಯೂ ಇದಕ್ಕಿಂತ ಸಫಲವಾದ ಮಾರ್ಗ ಮತ್ತೊಂದಿಲ್ಲವೆಂಬುದನ್ನು ಮುಂದೆ ಕಾಣಬಹುದು.

ನದಿಯಾಚೆಯ ನ್ಯೂಯಾರ್ಕಿನಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರು ಸರಕಾರದ ಸಹಾಯದಿಂದ ಕಾಲೇಜಿಗೆ ಸೇರಿದಾಗ ಅವರಿಗೆ ಬೇಕಾದ ಪಠ್ಯಗ್ರಂಥಗಳು ಬ್ರೈಲ್ ಲಿಪಿಯಲ್ಲಿಯೂ ದೊರೆಯದಿದ್ದುದನ್ನು ಕಂಡು, ಆನ್ ಟಿ. ಮ್ಯಾಕ್‌ಡೊನಲ್ಡ್ ಎಂಬ ಮಹಿಳೆ 1948ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಅಟ್ಟದ ಮೇಲೆ ಸ್ವಯಂಸೇವಕರನ್ನು ಕೂಡಿಸಿ, ಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿ ಮುದ್ರಿಕೆಗಳಲ್ಲಿ ಹಿಡಿದಿಡುವ ಕಾರ್ಯವನ್ನು ಪ್ರಾರಂಭಿಸಿದರು. ಮುಂದೆ ಪ್ರಿನ್ಸ್‌ಟನ್ನಿನಲ್ಲಿ ನೆಲೆಗೊಂಡು 2011ರಿಂದ ಲರ್ನಿಂಗ್ ಅಲೈ ಎಂಬ ಹೆಸರನ್ನು ತಳೆದ ಸಂಸ್ಥೆಯ ಮೂಲವು ಇದೇ. ಆ ಮುದ್ರಿಕೆಗಳ ಒಂದೊಂದು ಮಗ್ಗುಲಿನಲ್ಲಿ ಸುಮಾರು 12 ನಿಮಿಷಗಳ ಓದು ಮಾತ್ರ ಹಿಡಿಯುತ್ತಿದ್ದುದನ್ನು ನೆನೆದರೆ, ಸಿದ್ಧವಾದ ಪುಸ್ತಕವೊಂದನ್ನು ಅನಂತರ ಬೇರೆ ರೂಪಕ್ಕೆ ತಿರುಗಿಸುವುದಕ್ಕೆ ಎಷ್ಟು ಶ್ರಮ, ಎಷ್ಟು ಕಾಲ ತಗಲುತ್ತಿತ್ತೆಂಬುದು ಊಹ್ಯವಾಗುತ್ತದೆ.

ಕಾನೂನು: ಅಮೆರಿಕದ ಕೇಂದ್ರಸರಕಾರದ ಹಣವನ್ನು ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣದಿಂದ ಯಾರನ್ನೂ ಹೊರಗಿಡಕೂಡದೆಂದು 1973ರ ಪುನರ್ವಸತಿ ಅಧಿನಿಯಮದ 504ನೆಯ ಪ್ರಕರಣವು ವಿಧಿಸಿತು. 1990ನೆಯ ಜುಲೈ 26ರಂದು ಅಂಕಿತವಾದ ಅಮೆರಿಕದ ಅಂಗವಿಕಲರ ಅಧಿನಿಯಮದ ಎರಡನೆಯ ಭಾಗವು ರಾಜ್ಯ ಮತ್ತು ಸ್ಥಳೀಯ ಸರಕಾರಗಳ ಸಂಸ್ಥೆಗಳಿಗೂ, ಮೂರನೆಯ ಭಾಗವು ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆದರೆ ಅಂತರ್ಜಾಲದ ಪಾಠವು ಹೇಗಿದ್ದರೆ ಸಾಕೆಂಬುದನ್ನು ಈ ಶಾಸನಗಳು ಅಳತೆಯಿಟ್ಟು ಹೇಳಿರಲಿಲ್ಲ. ಆ ಅಳತೆಯನ್ನು ಒದಗಿಸಿದ್ದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಮ್ ರಚಿಸಿದ ಸೂತ್ರಾವಳಿ. 1999ರಲ್ಲಿ ಮೊದಲ ಬಾರಿ ಪ್ರಕಟವಾಗಿ, 2008, 2018 ಮತ್ತು 2023ರಲ್ಲಿ ಪರಿಷ್ಕಾರ ಹೊಂದಿದ ಈ ಸೂತ್ರಗಳು ಸಾಮಗ್ರಿಯು ಇಂದ್ರಿಯಗ್ರಾಹ್ಯವೂ, ಚಾಲನಯೋಗ್ಯವೂ, ಬುದ್ಧಿಗಮ್ಯವೂ, ಭಿನ್ನಭಿನ್ನ ಸಾಧನಗಳಲ್ಲಿ ಕೆಡದೆ ನಿಲ್ಲುವಷ್ಟು ದೃಢವೂ ಆಗಿರಬೇಕೆಂದು ಅಪೇಕ್ಷಿಸುತ್ತವೆ. 2018ರ ಆವೃತ್ತಿಯಲ್ಲಿ ಸಾಮಾನ್ಯವಾಗಿ ಪಾಲಿಸತಕ್ಕ ಮಟ್ಟವಾದ ಎಎ ಮಟ್ಟಕ್ಕೆ 50 ನಿಬಂಧನೆಗಳುಂಟು.

ನ್ಯಾಯಾಂಗ ಇಲಾಖೆಯು ಎರಡನೆಯ ಭಾಗದ ಅಡಿಯಲ್ಲಿ 2024ನೆಯ ಏಪ್ರಿಲ್ 24ರಂದು ಪ್ರಕಟಿಸಿದ ನಿಯಮವು 2018ರ ಈ ಸೂತ್ರಗಳನ್ನೇ ಸಾರ್ವಜನಿಕ ಸಂಸ್ಥೆಗಳಿಗೆ ಕಡ್ಡಾಯ ಪ್ರಮಾಣವಾಗಿ ಗೊತ್ತುಪಡಿಸಿತು. 50,000 ಅಥವಾ ಅದಕ್ಕೆ ಮಿಗಿಲಾದ ಜನಸಂಖ್ಯೆಯುಳ್ಳ ಆಡಳಿತಘಟಕಗಳಿಗೆ 2026ರ ಏಪ್ರಿಲ್ 24, ಉಳಿದವಕ್ಕೆ 2027ರ ಏಪ್ರಿಲ್ 26 ಎಂಬ ಅವಧಿಗಳು ಅಂದು ಆ ನಿಯಮದಲ್ಲಿ ಬರೆಯಲ್ಪಟ್ಟುವು. ಕೌಂಟಿ ಕಾಲೇಜಿಗೆ ಕೌಂಟಿಯ ಜನಸಂಖ್ಯೆಯೂ ರಾಜ್ಯದ ವಿಶ್ವವಿದ್ಯಾಲಯಕ್ಕೆ ರಾಜ್ಯದ ಜನಸಂಖ್ಯೆಯೂ ಲೆಕ್ಕ. ಹಡ್ಸನ್ ಕೌಂಟಿಯಲ್ಲಿ 2020ರಲ್ಲಿ 7,24,854 ಜನರಿದ್ದುದರಿಂದ ಜರ್ಸಿ ಸಿಟಿಯ ಎರಡು ಸಾರ್ವಜನಿಕ ಸಂಸ್ಥೆಗಳೂ ಮೊದಲನೆಯ ವರ್ಗಕ್ಕೆ ಸೇರುತ್ತವೆ. ನಿಯಮದ ಕರಡಿನಲ್ಲಿ, ಗುಪ್ತಪದದ ಹಿಂದೆ ಇರುವ ಕಾಲೇಜು ಪಾಠಗಳಿಗೆ ವಿನಾಯಿತಿಯೊಂದನ್ನು ಸೂಚಿಸಲಾಗಿತ್ತು. ಯಾವನಾದರೊಬ್ಬ ಅಂಗವಿಕಲ ವಿದ್ಯಾರ್ಥಿಯು ತರಗತಿಗೆ ಸೇರಿದ ಮೇಲೆ ಪಾಠವನ್ನು ತಿದ್ದಿದರೆ ಸಾಕೆಂಬುದು ಅದರ ಆಶಯ. ಅಷ್ಟರಲ್ಲಿ ವಿದ್ಯಾರ್ಥಿಯು ಓದಿನಲ್ಲಿ ಹಿಂದೆ ಬೀಳಬಹುದೆಂಬ ಆಕ್ಷೇಪಣೆಗಳು ಬಂದುವು. ಅಂತಿಮ ನಿಯಮದಲ್ಲಿ ಆ ವಿನಾಯಿತಿ ಉಳಿಯಲಿಲ್ಲ. ವಿದ್ಯಾರ್ಥಿಯು ಬರುವುದಕ್ಕೆ ಮುಂಚೆಯೇ ಪಾಠವು ಸಿದ್ಧವಾಗಿರಬೇಕೆಂಬ ತತ್ತ್ವವು ಹೀಗೆ ನಿಯಮದ ಬಲವನ್ನು ಪಡೆದು, ತರಬೇತಿನ ಹೊಣೆ ವಿಕಲಾಂಗಸೇವಾ ಕಚೇರಿಯ ನಾಲ್ಕು ಗೋಡೆಗಳನ್ನು ದಾಟಿ ಪ್ರತಿಯೊಬ್ಬ ಅಧ್ಯಾಪಕನ ಮೇಜಿಗೂ ಬಂದಿತು.

ವ್ಯಾಜ್ಯಗಳು: ಈ ತತ್ತ್ವವನ್ನು ಮುಂದಕ್ಕೆ ನೂಕಿದವರು ಬಹುಮಟ್ಟಿಗೆ ವಿದ್ಯಾರ್ಥಿಗಳು ಮತ್ತು ಅವರ ಸಂಘಗಳೇ. ದೃಷ್ಟಿಹೀನರ ರಾಷ್ಟ್ರೀಯ ಒಕ್ಕೂಟವು ಪೆನ್‌ಸಿಲ್ವೇನಿಯ ಸ್ಟೇಟ್ ಯೂನಿವರ್ಸಿಟಿಯ ಮೇಲೆ 2010ರಲ್ಲಿ ದೂರು ಕೊಟ್ಟು ಮರುವರ್ಷ ಒಪ್ಪಂದಕ್ಕೆ ಬಂದಿತು. ನ್ಯೂಜರ್ಸಿಯ ದಕ್ಷಿಣ ಭಾಗದ ಅಟ್ಲಾಂಟಿಕ್ ಕೇಪ್ ಕಮ್ಯೂನಿಟಿ ಕಾಲೇಜಿನ ವಿಷಯದಲ್ಲಿ 2015ರಲ್ಲಿ ನ್ಯಾಯಾಲಯದ ಮುಂದೆ ಆದ ಸಮ್ಮತಿಯ ತೀರ್ಪು, ಕಾಲೇಜಿನ ತಂತ್ರಸಾಧನಗಳನ್ನೂ ಪಾಠಸಾಮಗ್ರಿಯನ್ನೂ ಸುಗಮ್ಯಗೊಳಿಸುವುದರ ಜೊತೆಗೆ ಸಿಬ್ಬಂದಿಯ ತರಬೇತನ್ನೂ ಒಳಗೊಂಡಿತ್ತು. ಶ್ರವಣಹೀನರ ರಾಷ್ಟ್ರೀಯ ಸಂಘವು ಕ್ಯಾಪ್ಷನ್‌ಗಳಿಲ್ಲದ ವಿಡಿಯೋಗಳಿಗಾಗಿ ಹಾರ್ವರ್ಡ್ ಮತ್ತು ಎಂಐಟಿಗಳ ಮೇಲೆ 2015ರಲ್ಲಿ ಹೂಡಿದ ವ್ಯಾಜ್ಯಗಳು ಕ್ರಮವಾಗಿ 2019 ಮತ್ತು 2020ರಲ್ಲಿ ರಾಜಿಯಲ್ಲಿ ಮುಗಿದುವು. ಇವಕ್ಕೆ ವಿಪರೀತವಾದ ಉದಾಹರಣೆಯೂ ಒಂದುಂಟು: ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ನ್ಯಾಯಾಂಗ ಇಲಾಖೆಯ ಆಕ್ಷೇಪಣೆಯನ್ನೆದುರಿಸಿದಾಗ, ತಿದ್ದುವುದಕ್ಕೆ ಬದಲಾಗಿ 20,000ಕ್ಕೂ ಮಿಕ್ಕ ಉಪನ್ಯಾಸಗಳನ್ನು 2017ರಲ್ಲಿ ಸಾರ್ವಜನಿಕರ ಕಣ್ಣಿನಿಂದ ತೆಗೆದುಹಾಕಿತು. ಮೊದಲೇ ಕ್ರಮವರಿತು ರಚಿಸದ ಸಾಮಗ್ರಿಯು ರಾಶಿಬಿದ್ದ ಮೇಲೆ ಅದನ್ನು ಸರಿಪಡಿಸುವುದು ಸಂಪನ್ನ ವಿದ್ಯಾಪೀಠಕ್ಕೂ ಭಾರವಾಗುವುದೆಂಬ ಪಾಠವನ್ನು ಇತರರು ಇದರಿಂದ ಕಲಿತರು.

ಸುಗಮ್ಯ ಪಾಠದ ಲಕ್ಷಣಗಳು: ದೃಷ್ಟಿಹೀನ ವಿದ್ಯಾರ್ಥಿಯು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಪರದೆಯ ಮೇಲಿನ ಬರೆಹವನ್ನು ಧ್ವನಿಯಾಗಿ ಕೇಳುತ್ತಾನೆ ಅಥವಾ ಬ್ರೈಲ್ ಫಲಕದಲ್ಲಿ ಬೆರಳಿಂದ ಓದುತ್ತಾನೆ. ಇಂಥ ತಂತ್ರಾಂಶಗಳಲ್ಲಿ ಜಾಸ್ ಎಂಬುದು ಬೆಲೆ ತೆತ್ತು ಕೊಳ್ಳತಕ್ಕದ್ದು. ಆಸ್ಟ್ರೇಲಿಯದ ಇಬ್ಬರು ದೃಷ್ಟಿಹೀನ ತರುಣರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ. ಕಣ್ಣುಳ್ಳವರು ಪುಟದ ಮೇಲೆ ದೃಷ್ಟಿ ಹಾಯಿಸಿ ಬೇಕಾದ ಪ್ರಕರಣವನ್ನು ಹುಡುಕುವಂತೆ ಈ ತಂತ್ರಾಂಶವು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತದೆ; ಆದರೆ ಅಧ್ಯಾಪಕನು ಅಕ್ಷರವನ್ನು ದಪ್ಪವಾಗಿಸಿ ಶೀರ್ಷಿಕೆಯಂತೆ ತೋರಿಸಿದ್ದರೆ ಸಾಲದು, ವರ್ಡ್ ಮೊದಲಾದ ತಂತ್ರಾಂಶಗಳಲ್ಲಿ ಅದನ್ನು ಶೀರ್ಷಿಕೆಯೆಂದೇ ಗುರುತುಮಾಡಿರಬೇಕು. ಚಿತ್ರ, ನಕ್ಷೆ, ರೇಖಾಪಟಗಳಿಗೆ ಅವುಗಳ ತಾತ್ಪರ್ಯವನ್ನು ಹೇಳುವ ಕಿರುವಿವರಣೆಯಿರಬೇಕು. ಕೋಷ್ಟಕಗಳಲ್ಲಿ ಶಿರೋಪಂಕ್ತಿ ಯಾವುದೆಂದು ಸೂಚಿತವಾಗಿರಬೇಕು. ಕೊಂಡಿಗಳು ‘ಇಲ್ಲಿ ಒತ್ತಿ’ ಎಂದಷ್ಟೇ ಹೇಳದೆ ಎಲ್ಲಿಗೆ ಒಯ್ಯುತ್ತವೆಂಬುದನ್ನು ತಿಳಿಸಬೇಕು. ಮೌಸ್ ಹಿಡಿಯಲಾರದವರು ಕೀಲಿಮಣೆಯೊಂದರಿಂದಲೇ ಎಲ್ಲವನ್ನೂ ನಡೆಸುವಂತಿರಬೇಕು.

ಅಕ್ಷರಕ್ಕೂ ಹಿನ್ನೆಲೆಗೂ ಇರತಕ್ಕ ಕಾಂತಿಭೇದವು ಸಾಮಾನ್ಯ ಗಾತ್ರದ ಬರೆಹಕ್ಕೆ 4.5:1, ದೊಡ್ಡ ಅಕ್ಷರಗಳಿಗೆ 3:1 ಪ್ರಮಾಣಕ್ಕೆ ಕಡಿಮೆಯಾಗಕೂಡದು. ಅರ್ಥವನ್ನು ಬಣ್ಣದಿಂದ ಮಾತ್ರ ಸೂಚಿಸಕೂಡದು. ವಿಡಿಯೋಗಳಿಗೆ ಕ್ಯಾಪ್ಷನ್ ಅವಶ್ಯವಾದುದು. ಯಂತ್ರವು ತಾನಾಗಿ ಬರೆದ ಕ್ಯಾಪ್ಷನ್‌ಗಳು ವ್ಯಕ್ತಿನಾಮಗಳಲ್ಲಿಯೂ ಶಾಸ್ತ್ರೀಯ ಪದಗಳಲ್ಲಿಯೂ ವಿರಾಮಚಿಹ್ನೆಗಳಲ್ಲಿಯೂ ತಪ್ಪುವುದರಿಂದ ಮನುಷ್ಯನು ಅವನ್ನು ತಿದ್ದಬೇಕಾಗುತ್ತದೆ. ಬಹು ಸಾಮಾನ್ಯವಾದ ಮತ್ತೊಂದು ದೋಷವೆಂದರೆ ಹಳೆಯ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್. ಕಣ್ಣಿಗೆ ಬರೆಹವಾಗಿ ಕಂಡರೂ ಯಂತ್ರಕ್ಕೆ ಅದು ಬರಿಯ ಚಿತ್ರ, ಸ್ಕ್ರೀನ್ ರೀಡರ್ ಅಲ್ಲಿ ಮೂಕವಾಗುತ್ತದೆ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ವ್ಯಾಧಿಯ ದೆಸೆಯಿಂದ ತರಗತಿಗಳೆಲ್ಲ ಕೆಲವೇ ದಿನಗಳಲ್ಲಿ ಅಂತರ್ಜಾಲಕ್ಕೆ ಸಾಗಿದಾಗ ತರಾತುರಿಯಲ್ಲಿ ಹೀಗೆ ಸ್ಕ್ಯಾನ್ ಮಾಡಿ ಏರಿಸಿದ ಪುಟಗಳು ಅಮೆರಿಕದ ಕಾಲೇಜುಗಳ ಪಾಠಜಾಲಗಳಲ್ಲಿ ಹೇರಳವಾಗಿ ಶೇಖರವಾದುವು.

ತರಬೇತಿನ ಕ್ರಮ: ಅಮೆರಿಕದ ಪದವಿವಿದ್ಯಾರ್ಥಿಗಳಲ್ಲಿ ಸುಮಾರು ಶೇಕಡ 20ರಷ್ಟು ಮಂದಿ ಯಾವುದಾದರೊಂದು ವೈಕಲ್ಯವನ್ನು ಹೇಳಿಕೊಂಡಿದ್ದಾರೆಂದು 2019-20ರ ರಾಷ್ಟ್ರೀಯ ಸಮೀಕ್ಷೆ ತಿಳಿಸುತ್ತದೆ. ಇವರಲ್ಲಿ ಅನೇಕರು ತಮ್ಮ ಸ್ಥಿತಿಯನ್ನು ಕಾಲೇಜಿಗೆ ತಿಳಿಸುವುದೇ ಇಲ್ಲವಾದುದರಿಂದ ‘ನನ್ನ ತರಗತಿಯಲ್ಲಿ ಅಂಥವರಾರೂ ಇಲ್ಲ’ ಎಂಬ ಅಧ್ಯಾಪಕರ ಮಾತಿಗೆ ಆಧಾರವಿರುವುದಿಲ್ಲ. ತರಬೇತಿನ ಮೊದಲ ಕೆಲಸವು ಈ ಭ್ರಮೆಯನ್ನು ನಿವಾರಿಸುವುದು. ಅದಕ್ಕೆ ಉಪನ್ಯಾಸಕ್ಕಿಂತ ಪ್ರತ್ಯಕ್ಷದರ್ಶನವು ಹೆಚ್ಚು ಸಮರ್ಥ. ಅಧ್ಯಾಪಕನು ತಾನೇ ಬರೆದ ಪಾಠವನ್ನು, ಪರದೆಯನ್ನು ಮುಚ್ಚಿ, ಸ್ಕ್ರೀನ್ ರೀಡರಿನ ಧ್ವನಿಯಲ್ಲಿ ಒಮ್ಮೆ ಕೇಳಿದರೆ, ಅಥವಾ ದೃಷ್ಟಿಹೀನ ವಿದ್ಯಾರ್ಥಿಯೊಬ್ಬನು ಅದನ್ನು ಉಪಯೋಗಿಸಲು ಪಡುವ ಪ್ರಯಾಸವನ್ನು ಪಕ್ಕದಲ್ಲಿ ಕುಳಿತು ನೋಡಿದರೆ, ಸೂತ್ರಾವಳಿಯ ಪುಟಗಳನ್ನೆಲ್ಲ ಓದಿದರೂ ಹುಟ್ಟದ ವಿವೇಕವು ಅವನಲ್ಲಿ ಹುಟ್ಟುತ್ತದೆ. ಹ್ಯಾರಿ ಮೂರ್ ಶಾಲೆಯ ಹಿಂದಿದ್ದ ಮಾರ್ಗವೂ ಇದೇ ಆಗಿತ್ತಷ್ಟೆ.

ಎರಡನೆಯದಾಗಿ, ಕಲಿಸತಕ್ಕದ್ದನ್ನು ಮಿತಗೊಳಿಸುವುದು ಅಗತ್ಯ. 50 ನಿಬಂಧನೆಗಳನ್ನು ಒಂದೇ ಮಧ್ಯಾಹ್ನದಲ್ಲಿ ಒಪ್ಪಿಸಿದರೆ ಅಧ್ಯಾಪಕನು ಹೆದರಿ ಎಲ್ಲವನ್ನೂ ಕೈಬಿಡುವ ಸಂಭವವುಂಟು. ಆದುದರಿಂದ ಶೀರ್ಷಿಕೆ, ಚಿತ್ರವಿವರಣೆ, ಕಾಂತಿಭೇದ, ಕೊಂಡಿ, ಕೋಷ್ಟಕ, ಕ್ಯಾಪ್ಷನ್ ಎಂಬ ಕೆಲವೇ ಅಭ್ಯಾಸಗಳನ್ನು ಮೊದಲು ಕಲಿಸಿ, ಹೊಸ ಪಾಠಗಳನ್ನು ಸರಿಯಾಗಿ ಬರೆಯುವುದರಿಂದ ತೊಡಗಿ, ಹಳೆಯವುಗಳಲ್ಲಿ ಹೆಚ್ಚು ವಿದ್ಯಾರ್ಥಿಗಳು ಓದುವವನ್ನು ಆಯ್ದು ತಿದ್ದುತ್ತ ಹೋಗುವ ಪದ್ಧತಿಯು ರೂಢಿಗೆ ಬಂದಿದೆ. ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಆರಂಭವಾದ ಡೂ-ಇಟ್ ಕೇಂದ್ರವೂ ಯೂಟಾದ ವೆಬ್‌ಏಮ್ ಸಂಸ್ಥೆಯೂ ಅಧ್ಯಾಪಕರಿಗೆ ಬೇಕಾದ ಸರಳ ಕೈಪಿಡಿಗಳನ್ನು ಒದಗಿಸಿವೆ. ಮಸಾಚುಸೆಟ್ಸಿನಲ್ಲಿ 1984ರಲ್ಲಿ ಸ್ಥಾಪಿತವಾದ ಕಾಸ್ಟ್ ಸಂಸ್ಥೆಯು ಒಂದೇ ವಿಷಯವನ್ನು ಹಲವು ರೂಪಗಳಲ್ಲಿ ಒದಗಿಸಿ, ಕಲಿತದ್ದನ್ನು ಹಲವು ಬಗೆಗಳಲ್ಲಿ ತೋರಿಸಲು ಅವಕಾಶ ಕೊಡಬೇಕೆಂಬ ಸಾರ್ವತ್ರಿಕ ಕಲಿಕಾವಿನ್ಯಾಸದ ಸಿದ್ಧಾಂತವನ್ನು ಪ್ರಚುರಗೊಳಿಸಿದೆ. ಪಾಠಜಾಲದೊಳಗೇ ದೋಷಗಳನ್ನು ತೋರಿಸುವ ಅಲೈ ಎಂಬ ಉಪಕರಣವೂ, ಫ್ಲಾರಿಡದ ವಿಶ್ವವಿದ್ಯಾಲಯವೊಂದರಲ್ಲಿ ರಚಿತವಾದ ಯೂಡೂಇಟ್ ಎಂಬುದೂ ಬಳಕೆಯಲ್ಲಿವೆ. ಚಿತ್ರಕ್ಕೆ ವಿವರಣೆಯಿದೆಯೇ ಎಂಬುದನ್ನು ಇಂಥ ಉಪಕರಣಗಳು ಹೇಳಬಲ್ಲವು. ಆ ವಿವರಣೆಯು ಸಾರ್ಥಕವಾಗಿದೆಯೇ ಎಂಬುದನ್ನು ವಿಷಯಜ್ಞನಾದ ಅಧ್ಯಾಪಕನು ಮಾತ್ರ ಹೇಳಬಲ್ಲನು. ಜೀವಕೋಶದ ಚಿತ್ರದಲ್ಲಿ ಯಾವುದು ಮುಖ್ಯ, ಯಾವುದು ಅಲಂಕಾರಮಾತ್ರ ಎಂಬ ತಾರತಮ್ಯವು ಯಂತ್ರಕ್ಕೆ ತಿಳಿಯದು.

ಉತ್ತೇಜನ: ತರಬೇತು ಏರ್ಪಟ್ಟ ಮಾತ್ರಕ್ಕೆ ಅಧ್ಯಾಪಕರು ಬರುವರೆಂಬ ನಿಶ್ಚಯವಿಲ್ಲ. ಕಮ್ಯೂನಿಟಿ ಕಾಲೇಜುಗಳಲ್ಲಿ ಬೋಧನೆಯ ಬಹುಭಾಗವನ್ನು ನಡೆಸುವವರು, ತರಗತಿಯೊಂದಕ್ಕೆ ಇಷ್ಟೆಂದು ಸಂಭಾವನೆ ಪಡೆದು, ಒಂದೇ ವಾರದಲ್ಲಿ ಎರಡು ಮೂರು ಕಾಲೇಜುಗಳ ನಡುವೆ ಓಡಾಡುವ ಅಡ್‌ಜಂಕ್ಟ್ ಉಪನ್ಯಾಸಕರು. ಮುಂದಿನ ಸೆಮಿಸ್ಟರಿನಲ್ಲಿ ತನಗೆ ತರಗತಿ ದೊರೆಯುವುದೋ ಇಲ್ಲವೋ ತಿಳಿಯದವನನ್ನು, ವೇತನವಿಲ್ಲದ ಹೊತ್ತಿನಲ್ಲಿ ಹಳೆಯ ಪಾಠಗಳನ್ನು ತಿದ್ದೆಂದು ಕೇಳುವುದು ನ್ಯಾಯವೂ ಅಲ್ಲ, ಫಲಕಾರಿಯೂ ಅಲ್ಲ. ಆದಕಾರಣ ತರಬೇತಿನ ಗಂಟೆಗಳಿಗೆ ಗೌರವಧನ, ಖಾಯಂ ಅಧ್ಯಾಪಕರಿಗೆ ಬೋಧನಭಾರದಲ್ಲಿ ರಿಯಾಯಿತಿ, ಬಡ್ತಿಯ ಪರಿಶೀಲನೆಯಲ್ಲಿ ಈ ಕಾರ್ಯಕ್ಕೆ ಮನ್ನಣೆ, ಪಾಠವಿನ್ಯಾಸಕಾರರ ನೇರ ಸಹಾಯ, ಕ್ಯಾಪ್ಷನ್ ಬರೆಸುವುದಕ್ಕೆ ಪ್ರತ್ಯೇಕ ಹಣ, ಇವೇ ಅಮೆರಿಕದ ಕಾಲೇಜುಗಳು ಅನುಸರಿಸುವ ಮುಖ್ಯ ಉಪಾಯಗಳು. ಇವುಗಳ ಜೊತೆಗೆ, ವಿಭಾಗದಲ್ಲಿ ಒಬ್ಬಿಬ್ಬರು ಅಭ್ಯಾಸಸ್ಥರು ಇದ್ದರೆ ಉಳಿದವರು ಅವರನ್ನು ಕೇಳಿ ಕಲಿಯುತ್ತಾರೆ. ದೂರದ ಕಚೇರಿಯಿಂದ ಬರುವ ಸುತ್ತೋಲೆಗಿಂತ ಪಕ್ಕದ ಕೊಠಡಿಯ ಸಹೋದ್ಯೋಗಿಯ ಮಾತು ಹೆಚ್ಚು ಬೇಗ ಮನಸ್ಸಿಗೆ ನಾಟುವುದು ಸಹಜವಷ್ಟೆ.

ಸುಗಮ್ಯತೆಯಿಂದ ಇತರರಿಗೂ ಆಗುವ ಲಾಭವನ್ನು ಎತ್ತಿ ತೋರಿಸುವುದು ಮತ್ತೊಂದು ಉತ್ತೇಜನ. ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿತ ಹಡ್ಸನ್ ಕೌಂಟಿಯ ವಿದ್ಯಾರ್ಥಿಗೆ ಕ್ಯಾಪ್ಷನ್ ಉಚ್ಚಾರಣೆಯ ತೊಡಕನ್ನು ಬಿಡಿಸುತ್ತದೆ. ರೈಲಿನ ಗದ್ದಲದಲ್ಲಿ ಕುಳಿತವನಿಗೆ ಶಬ್ದವಿಲ್ಲದೆ ಪಾಠವನ್ನು ನೋಡಲು ಅನುಕೂಲವಾಗುತ್ತದೆ. ಶೀರ್ಷಿಕೆಗಳಿಂದ ಕ್ರಮಬದ್ಧವಾದ ಟಿಪ್ಪಣಿಯು ಪರೀಕ್ಷೆಯ ಹಿಂದಿನ ದಿನ ಎಲ್ಲರಿಗೂ ಉಪಕಾರಿಯಾಗುತ್ತದೆ. ಆದರೆ ಬಹುಜನರ ಲಾಭವನ್ನೇ ಮುಂದಿಟ್ಟು ಅಂಗವಿಕಲ ವಿದ್ಯಾರ್ಥಿಯ ಹಕ್ಕನ್ನು ಹಿನ್ನೆಲೆಗೆ ಸರಿಸುವುದು ಯುಕ್ತವಲ್ಲ. ತರಗತಿಯಲ್ಲಿ ಅವನೊಬ್ಬನೇ ಇದ್ದರೂ ಆ ಹಕ್ಕು ಪೂರ್ಣವಾದುದೇ.

ಮಿತಿಗಳು: ಗಣಿತಸಮೀಕರಣಗಳು, ರಸಾಯನಶಾಸ್ತ್ರದ ರಚನಾಚಿತ್ರಗಳು, ಸಂಗೀತಲಿಪಿ, ಪ್ರಾಚೀನ ಹಸ್ತಪ್ರತಿಗಳ ಛಾಯಾಚಿತ್ರಗಳು ಮೊದಲಾದವನ್ನು ಸುಗಮ್ಯಗೊಳಿಸುವುದು ಸಾಮಾನ್ಯ ತರಬೇತಿನಿಂದ ಆಗತಕ್ಕುದಲ್ಲ, ತಜ್ಞರ ನೆರವು ಅದಕ್ಕೆ ಬೇಕು. ಪ್ರಕಾಶಕರಿಂದ ಕೊಂಡ ಪಠ್ಯಪುಸ್ತಕ, ಅಭ್ಯಾಸತಂತ್ರಾಂಶಗಳ ದೋಷವನ್ನು ಅಧ್ಯಾಪಕನು ತಿದ್ದಲಾರನು. ಕೊಳ್ಳುವ ಮುಂಚೆಯೇ ಪರೀಕ್ಷಿಸುವುದು ಸಂಸ್ಥೆಯ ಖರೀದಿವಿಭಾಗದ ಕರ್ತವ್ಯ. ಪಾಠವು ಸರ್ವಥಾ ಸುಗಮ್ಯವಾಗಿದ್ದರೂ ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ, ಸಂಜ್ಞಾಭಾಷೆಯ ದುಭಾಷಿ ಮುಂತಾದ ವ್ಯಕ್ತಿಗತ ಸೌಕರ್ಯಗಳ ಅಗತ್ಯವು ಕೆಲವರಿಗೆ ಉಳಿದೇ ಇರುತ್ತದೆ.

ಕನ್ನಡನಾಡಿನ ಸಂದರ್ಭ: ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಅಂಗೀಕರಿಸಿ ಸುಗಮ್ಯತೆಯನ್ನು ಹಕ್ಕಿನ ಸ್ಥಾನಕ್ಕೆ ಏರಿಸಿತು, ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಉನ್ನತ ಶಿಕ್ಷಣಸಂಸ್ಥೆಗಳಿಗಾಗಿ ಮಾರ್ಗದರ್ಶಿ ಸೂತ್ರಗಳನ್ನು ಹೊರಡಿಸಿತು, ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ನೆಯ ನವೆಂಬರ್ 8ರಂದು, ಸುಗಮ್ಯತೆಯ ಮಾನದಂಡಗಳು ಐಚ್ಛಿಕವಾಗಿರದೆ ಕಡ್ಡಾಯವಾಗಿರಬೇಕೆಂದು ತೀರ್ಪಿತ್ತಿತು. ಕನ್ನಡದ ಅಧ್ಯಾಪಕರಿಗೆ ಈ ವಿಷಯದಲ್ಲಿ ಅಮೆರಿಕದವರಿಗಿಲ್ಲದ ವಿಶೇಷವಾದ ತೊಡಕೊಂದುಂಟು. ಯೂನಿಕೋಡ್ ಪೂರ್ವದ ನುಡಿ, ಬರಹ ಮೊದಲಾದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪಾಠಗಳು ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ ಅವುಗಳ ಒಳಗಿನ ಸಂಕೇತಗಳು ರೋಮನ್ ಲಿಪಿಯವಾದುದರಿಂದ, ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಅವನ್ನು ಅರ್ಥರಹಿತ ಅಕ್ಷರಸರಣಿಯಾಗಿ ಉಚ್ಚರಿಸುತ್ತದೆ. ಅದೇ ಪಾಠವನ್ನು ಯೂನಿಕೋಡಿಗೆ ಪರಿವರ್ತಿಸಿದೊಡನೆ ಇಸ್ಪೀಕ್ ಮುಂತಾದ ಧ್ವನಿಯಂತ್ರಗಳು ಅದನ್ನು ಕನ್ನಡವಾಗಿಯೇ ಓದುತ್ತವೆ.

ಜರ್ಸಿ ಸಿಟಿಯ ನಿದರ್ಶನದಿಂದ ಗ್ರಹಿಸತಕ್ಕದ್ದು ಇಷ್ಟು: ಕಾನೂನು ಗಡುವನ್ನು ವಿಧಿಸಬಲ್ಲದು, ಯಂತ್ರವು ದೋಷವನ್ನು ತೋರಿಸಬಲ್ಲದು, ಪಾಠವನ್ನು ಎಲ್ಲರಿಗೂ ಎಟುಕುವಂತೆ ಬರೆಯಬಲ್ಲವನು ಅಧ್ಯಾಪಕನೊಬ್ಬನೇ, ಅವನಿಗೆ ಅದಕ್ಕೆ ಬೇಕಾದ ಅರಿವು, ಅವಕಾಶ ಮತ್ತು ಸಂಭಾವನೆಗಳನ್ನು ಕೊಡತಕ್ಕದ್ದು ಸಂಸ್ಥೆಯ ಹೊಣೆ. ಕನ್ನಡದ ಕಾಲೇಜುಗಳು ಈ ಕಾರ್ಯವನ್ನು ಕೈಕೊಳ್ಳುವುದಾದರೆ, ಇನ್ನು ಮುಂದೆ ಬರೆಯುವ ಪ್ರತಿಯೊಂದು ಟಿಪ್ಪಣಿಯನ್ನೂ ಯೂನಿಕೋಡಿನಲ್ಲಿ ಬರೆದು, ಶೀರ್ಷಿಕೆಗಳನ್ನು ಗುರುತುಮಾಡಿ, ಸ್ಕ್ರೀನ್ ರೀಡರಿನಲ್ಲಿ ಒಮ್ಮೆ ಕೇಳಿ ನೋಡಿದ ಮೇಲೆಯೇ ವಿದ್ಯಾರ್ಥಿಗಳಿಗೆ ಕೊಡುವ ನಿಯಮದಿಂದ ಪ್ರಾರಂಭಿಸುವುದು ಉಚಿತ.